ಸಹಿಸುವವಳ ಪಕ್ಕದಲ್ಲಿ ಯಾರಿದ್ದಾರೆ?

ನಮ್ಮ ಮನೆಗಳಲ್ಲಿ ಹೆಣ್ಣಿಗೆ ಧಾರಾಳವಾಗಿ ಸಿಗುವುದು ಹೊಗಳಿಕೆ. 'ಎಷ್ಟು ತಾಳ್ಮೆ ಇವಳಿಗೆ!' ಎಂದುಬಿಟ್ಟರೆ ಅವಳಿಗೆ ಸಲ್ಲಬೇಕಾದ ನ್ಯಾಯವೆಲ್ಲ ಸಂದಂತೆ. ಉರ್ದುವಿನಲ್ಲಿ ಇದನ್ನು 'ಸಬ್ರ್' ಎನ್ನುತ್ತೇವೆ, ಕನ್ನಡದಲ್ಲಿ ಸಹನೆ. ಎರಡೂ ಭಾಷೆಗಳ ಎಷ್ಟೋ ಜನಪ್ರಿಯ ಕಥೆಗಳು ಈ ಗುಣವನ್ನು ಮೆರೆಸಿ ನಮ್ಮ ಕಣ್ಣು ಒದ್ದೆ ಮಾಡಿವೆ. ಒಳ್ಳೆಯ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಸಹಿಸುವವಳ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಅದು ಕೇಳುತ್ತದೆ.

ಇಸ್ಮತ್ ಚುಗ್ತಾಯಿಯವರ 'ಚೌಥಿ ಕಾ ಜೋಡಾ' ಕಥೆಯನ್ನು ನೋಡೋಣ. ಬಡ ವಿಧವೆಯೊಬ್ಬಳು ಹಿರಿಮಗಳು ಕುಬ್ರಾಳ ಮದುವೆಯ ಉಡುಪಿಗಾಗಿ ಬಟ್ಟೆ ಕತ್ತರಿಸುತ್ತಲೇ ಇರುತ್ತಾಳೆ. ನೆಂಟರ ಹುಡುಗ ರಾಹತ್ ಮನೆಗೆ ಬಂದಾಗ, ಇವನೇ ಅಳಿಯನಾದಾನೆಂಬ ಆಸೆಯಿಂದ ಇದ್ದಬದ್ದ ಒಡವೆ ಮಾರಿ ಉಣಬಡಿಸುತ್ತಾರೆ. ಅವನು ತಿಂದುಂಡು, ಬೇರೆ ಕಡೆ ಮದುವೆ ಗೊತ್ತಾಗಿ ಹೊರಟುಹೋಗುತ್ತಾನೆ. ಕುಬ್ರಾ ಕ್ಷಯದಿಂದ ಸಾಯುತ್ತಾಳೆ. ಮದುವೆಯ ಬಟ್ಟೆ ಕತ್ತರಿಸಿದ ತಾಯಿಯ ಕೈಗಳೇ ಕಫನ್ ಕತ್ತರಿಸುತ್ತವೆ. ಆ ತಾಯಿ ಕ್ರೂರಿಯಲ್ಲ. ತಾನು ಕಲಿತ ಸಹನೆಯನ್ನೇ ಮಗಳಿಗೂ ಕೊಟ್ಟಳು. ಕೊಡಲು ಅವಳ ಬಳಿ ಬೇರೇನೂ ಇರಲಿಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇದಕ್ಕೆ ಉತ್ತರದಂತಿದೆ. ಮಲೆನಾಡಿನ ಬ್ರಾಹ್ಮಣ ಮನೆತನದ ಈ ಬಾಲವಿಧವೆ ಜೀವಮಾನವಿಡೀ ತುಟಿ ಪಿಟಕ್ಕೆನ್ನದೆ ಬಾಳಿದವಳು. ಆದರೆ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. 'ನಾನು ಸಹಿಸಿದೆ, ನೀನೂ ಸಹಿಸು' ಎನ್ನುವುದಿಲ್ಲ. ಸಹನೆಗೆ ಘನತೆ ಬರುವುದು ಇಂಥ ಕಡೆ.

1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೆ ಈ ಆಸರೆಯೂ ಇಲ್ಲ. ತಂದೆಯ ಹಠದಿಂದ ಅವಳಿಗೆ ತಲಾಖ್ ಆಗುತ್ತದೆ. ಪ್ರೀತಿಸುವ ಗಂಡನನ್ನು ಮತ್ತೆ ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಬೇಕು. ಮೊದಲೇ ಹೀಗೆ ಹೊಂದಿಸಿದ ಮದುವೆಯನ್ನು ಹದೀಸ್ ಖಂಡಿಸುತ್ತದೆ. ಆದರೂ ಗಂಡಸರು ಮಾಡಿದ ತಪ್ಪಿನ ದಂಡ ತೆರಬೇಕಾದವಳು ಅವಳೇ. ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಇದನ್ನು ಸೋಲು ಎನ್ನಬಹುದೆ? ಎನ್ನಬಹುದು. ಆದರೆ ಸೋತದ್ದು ನಾದಿರಾ ಅಲ್ಲ, ಅವಳನ್ನು ಒಂಟಿಯಾಗಿ ಬಿಟ್ಟ ಜಮಾತು.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಎದೆಯ ಹಣತೆ'ಯಲ್ಲಿ ಮೆಹರುನ್‌ಳ ಗಂಡ ಬೇರೊಬ್ಬಳ ಪಾಲಾಗಿದ್ದಾನೆ. ತವರಿಗೆ ಬಂದವಳನ್ನು ಅಣ್ಣತಮ್ಮಂದಿರು ಮರಳಿ ಗಂಡನ ಮನೆಗೇ ಬಿಟ್ಟುಬರುತ್ತಾರೆ. ಆ ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ಮಗಳು ಸಲ್ಮಾ ತಡೆಯುತ್ತಾಳೆ. ನಾದಿರಾಳಿಗೆ ಸಿಗದ ಕೈ ಮೆಹರುನ್‌ಳಿಗೆ ಸಿಕ್ಕಿತು. ಆದರೆ ಅದು ಒಂದು ಮಗುವಿನ ಕೈ ಎಂಬುದೇ ದೊಡ್ಡವರೆಲ್ಲರ ಮೇಲಿನ ಆರೋಪ.

ಇಂಥ ಕಥೆಗಳು ಮನೆಯ ಮಾನವನ್ನು ಬೀದಿಗೆ ತರುತ್ತವೆ ಎಂಬ ದೂರು ನಮ್ಮಲ್ಲಿ ಹಳೆಯದು. ಬದಾಯೂಂನಲ್ಲಿ ಹುಟ್ಟಿದ ಇಸ್ಮತ್, ಮಲೆನಾಡಿನ ಇಂದಿರಾ, ಕಾಸರಗೋಡಿನ ಸಾರಾ, ಹಾಸನದ ಬಾನು ಬರೆದದ್ದು ಬೇರೆಬೇರೆ ಮನೆಗಳ ಕಥೆ. ಆದರೆ ಎಲ್ಲ ಕಡೆಯೂ ಮಾನದ ಹೊರೆ ಹೊತ್ತವಳು ಹೆಣ್ಣೇ. ಬರೆದದ್ದರಿಂದ ಮಾನ ಹೋಗಲಿಲ್ಲ. ಹೋದದ್ದನ್ನು ಬರೆದರು, ಅಷ್ಟೆ.

ಮುಂದಿನ ಸಲ ಇಂಥ ಕಥೆಯೊಂದನ್ನು ಓದಿ 'ಪಾಪ' ಎನ್ನುವ ಮೊದಲು, ನಮ್ಮದೇ ಮನೆಯಲ್ಲಿ ಇಂದು ಯಾರಿಗೆ 'ಸಬ್ರ್ ಮಾಡು' ಎಂದಿದ್ದೇವೆ ಎಂದು ನೆನಪಿಸಿಕೊಂಡರೆ ಆ ಓದು ಸಾರ್ಥಕ.