ಎರಡು ಕೈಗಳು ಬರೆದ ಟಿಪ್ಪು

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಶಾಲೆಗಳಿಗೆ ಪ್ರವಾಸವೆಂದರೆ ಮೊದಲು ನೆನಪಾಗುವುದು ಶ್ರೀರಂಗಪಟ್ಟಣ. ಬಸ್ಸು ನಿಲ್ಲುತ್ತದೆ, ಮಕ್ಕಳು ಸಾಲಾಗಿ ದರಿಯಾ ದೌಲತ್‌ನೊಳಗೆ ಹೋಗುತ್ತಾರೆ, ಖಡ್ಗ, ನಾಣ್ಯ, ಉಡುಪು ನೋಡಿ ಹೊರಬರುತ್ತಾರೆ. ಆದರೆ ಅಲ್ಲಿ ನಿಜಕ್ಕೂ ನೋಡಬೇಕಾದದ್ದು ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುಗಳಿಗಿಂತ, ಅಲ್ಲಿನ ಚಿತ್ರಗಳನ್ನು ಯಾರು ಬರೆದರು ಎಂಬುದನ್ನು.

1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯ. ಇದರ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಕಥೆ ಅದು. ಕೆಂಪು ಅಂಗಿಯ ಸಿಪಾಯಿಗಳು ಚೌಕಾಕಾರವಾಗಿ ಮುತ್ತಿಗೆಗೆ ಸಿಕ್ಕಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ತಡವಾಗಿ ಬರುವ ಹೈದರಾಬಾದಿನ ನಿಜಾಮನನ್ನು ಚಿತ್ರಕಾರ ಗೇಲಿ ಮಾಡಿದ್ದಾನೆ. ಮಕ್ಕಳು ಇಲ್ಲಿ ಬೇಕಾದಷ್ಟು ಹೊತ್ತು ನಿಲ್ಲುತ್ತಾರೆ, ನಾವೇ ಅವಸರಪಡಿಸುತ್ತೇವೆ.

ಪೂರ್ವದ ಗೋಡೆಯಲ್ಲಿ ಯುದ್ಧವಿಲ್ಲ, ದೊರೆಗಳ ಸಾಲಿದೆ. ಮಾಗಡಿ ಕೆಂಪೇಗೌಡ, ಮೈಸೂರಿನ ಕೃಷ್ಣರಾಜ ಒಡೆಯರ್, ಚಿತ್ರದುರ್ಗದ ಮದಕರಿ ನಾಯಕ. ಮದಕರಿಯನ್ನು 1779ರಲ್ಲಿ ಸೋಲಿಸಿ ಸೆರೆ ತಂದವನು ಹೈದರ್. ಸೋತವನೂ ಈ ಗೋಡೆಯಲ್ಲಿದ್ದಾನೆ.

ಇನ್ನು ಒಳಗೆ ಬನ್ನಿ. 1799ರ ಮೇ 4ರಂದು ಕೋಟೆ ಬಿದ್ದ ದೃಶ್ಯವನ್ನು ಚಿತ್ರಿಸಿದವನು ರಾಬರ್ಟ್ ಕೆರ್ ಪೋರ್ಟರ್. 1800ರಲ್ಲಿ ಲಂಡನ್ನಿನ ಜನ ಇದೇ ವಿಷಯದ ಅವನ ಬೃಹತ್ ಚಿತ್ರವನ್ನು ಹಣ ಕೊಟ್ಟು ನೋಡಿದರು. ಅದನ್ನು ಬರೆಯುವಾಗ ಆತ ಭಾರತವನ್ನು ಕಂಡವನೇ ಅಲ್ಲ. ಟಿಪ್ಪುವಿನ ಮಕ್ಕಳ ರೂಪ ಬರೆದ ಥಾಮಸ್ ಹಿಕ್ಕಿ ಐರ್ಲೆಂಡಿನವನು. ತಂದೆ ಸತ್ತ ವರ್ಷವೇ ಆ ಹುಡುಗರನ್ನು ಕೂರಿಸಿ ಬರೆದ. ಅಂದರೆ ಹೊರಗಿನ ಗೋಡೆ ಗೆದ್ದ ಮೈಸೂರಿನದು, ಒಳಗಿನ ಚೌಕಟ್ಟುಗಳು ಗೆದ್ದ ಇಂಗ್ಲಿಷರವು.

ನನ್ನ ಜೊತೆ ಬಂದ ಹುಡುಗನೊಬ್ಬ, "ಹೊರಗೆ ಇವರೇ ಗೆದ್ದಿದ್ದರಲ್ಲ?" ಎಂದು ಕೇಳಿದ. ಇದಕ್ಕಿಂತ ಒಳ್ಳೆಯ ಇತಿಹಾಸದ ಪ್ರಶ್ನೆ ಬೇರೆ ಬೇಕೆ? ಎರಡು ಯುದ್ಧಗಳ ನಡುವೆ ಹತ್ತೊಂಬತ್ತು ವರ್ಷವಿದೆ ಎಂದರೆ ಅರ್ಧ ಉತ್ತರ. ಚಿತ್ರಕ್ಕೆ ಕೂಲಿ ಕೊಟ್ಟವರು ಯಾರು ಎಂಬುದು ಇನ್ನರ್ಧ. ಇನ್ನೂ ಒಂದು ಮಾತಿದೆ. ಹೊರಗಿನ ಗೋಡೆಯೂ ಮೊದಲಿನಂತೆ ಉಳಿದಿಲ್ಲ. ಟಿಪ್ಪುವಿನ ನಂತರ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಸರಿಪಡಿಸಿದ. ಮತ್ತೆ ಅಳಿಸಿಹೋದವನ್ನು 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೊಸದಾಗಿ ಬರೆಸಿದ. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು.

ಮಕ್ಕಳು ಇಲ್ಲಿಗೆ ಬರಿಗೈಲಿ ಬರುವುದಿಲ್ಲ. 2015ರಲ್ಲಿ ಸರಕಾರಿ ಟಿಪ್ಪು ಜಯಂತಿ ಶುರುವಾಗಿ 2019ರಲ್ಲಿ ನಿಂತಿತು. ಆ ಗದ್ದಲ ಮನೆಮನೆಗೂ ತಲುಪಿದೆ. ಒಬ್ಬ ಹುಡುಗ ಶಹೀದನನ್ನು ನೋಡಲು ಬರುತ್ತಾನೆ, ಅವನ ಪಕ್ಕದ ಬೆಂಚಿನವನು ಮತಾಂಧನನ್ನು. ಇಬ್ಬರೂ ತಾವು ತಂದದ್ದನ್ನೇ ಹೊತ್ತು ಹಿಂತಿರುಗಿದರೆ ಪ್ರವಾಸದ ಖರ್ಚು ದಂಡ.

ಮುಸ್ಲಿಮರಾದ ನಮಗೂ ಇಲ್ಲಿ ಒಂದು ಹೊಣೆಯಿದೆ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ್ದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಇದೇ ಪಟ್ಟಣಕ್ಕೆ ನಡೆಸಿ ತಂದದ್ದನ್ನು, ಕೊಡಗಿನ ಸೆರೆಯಾಳುಗಳನ್ನು, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ಯರು ಇಂದಿಗೂ ನರಕ ಚತುರ್ದಶಿ ಆಚರಿಸದಿರುವುದನ್ನು ಬಿಟ್ಟುಬಿಟ್ಟರೆ, ಮಗು ನಾಳೆ ಅದನ್ನು ದ್ವೇಷದ ಬಾಯಿಂದಲೇ ಕೇಳುತ್ತದೆ. ಆಗ ಶೃಂಗೇರಿಯ ಪತ್ರವನ್ನೂ ನಂಬುವುದಿಲ್ಲ. ಇನ್ನೊಂದು ಪಕ್ಷದವರು ಸೆರೆಯ ಕಥೆಯನ್ನಷ್ಟೇ ಹೇಳಿ ಪತ್ರವನ್ನು ಮುಚ್ಚಿಟ್ಟರೂ ಫಲ ಅದೇ.

ಇಲ್ಲಿ ಇಲ್ಲದ ವಸ್ತುಗಳ ಬಗ್ಗೆಯೂ ಮಕ್ಕಳಿಗೆ ಹೇಳಿ. ಸಿಪಾಯಿಯ ಮೇಲೆರಗುವ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಂಹಾಸನದ ಚಿನ್ನದ ಹುಲಿಮುಖ ಇಂಗ್ಲೆಂಡಿನ ರಾಜಮನೆತನದ ಬಳಿ ಇದೆ. ನಮ್ಮಲ್ಲೇ ಸಿಕ್ಕಿದ್ದೂ ಉಂಟು: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. ಪಾಂಡವಪುರದ ಮಕ್ಕಳಿಗಂತೂ ತಮ್ಮ ಊರೇ ಒಂದು ಪಾಠ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.

ಆದ್ದರಿಂದ ಶಿಕ್ಷಕರಲ್ಲಿ, ತಂದೆತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ದರಿಯಾ ದೌಲತ್‌ಗೆ ಒಂದು ಗಂಟೆ ಹೆಚ್ಚು ಕೊಡಿ. ಪ್ರತಿ ಚಿತ್ರದ ಮುಂದೆ, ಇದನ್ನು ಬರೆಸಿದವರು ಯಾರು ಎಂದು ಮಕ್ಕಳನ್ನೇ ಕೇಳಿ. ಅಲ್ಲಿಂದ ಕೋಟೆಯೊಳಗಿನ ಬೇಲಿಯ ಸೆರೆಮನೆಗೆ ಕರೆದೊಯ್ಯಿರಿ. ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕಂಡವನು 1782ರಲ್ಲಿ ಇದೇ ಪಟ್ಟಣದಲ್ಲಿ ಸೆರೆಯಾಳಾಗಿ ಸತ್ತನೆಂದು ಹೇಳಿ. ನಾಗಮಂಗಲಕ್ಕೆ ಹಿಂತಿರುಗುವ ಬಸ್ಸು ಮೇಲುಕೋಟೆಯಲ್ಲೂ ಸ್ವಲ್ಪ ಹೊತ್ತು ನಿಲ್ಲಲಿ.