ಶಿಫಾರಸಿನ ಒಂದು ಕಾಗದ

ಹಿರಿಯರ ಖಾಸಗಿ ಪತ್ರಗಳು ಅಚ್ಚಾದಾಗ ನಾವು ಅವುಗಳಲ್ಲಿ ಗುಟ್ಟನ್ನು ಹುಡುಕುತ್ತೇವೆ. ಬರವಣಿಗೆಯ ಬಗೆಯನ್ನು ಗಮನಿಸುವುದಿಲ್ಲ. ಜವಾಹರಲಾಲ ನೆಹರೂ ಅವರು ತಾವೇ ಆರಿಸಿ 1958ರಲ್ಲಿ ಪ್ರಕಟಿಸಿದ ‘ಎ ಬಂಚ್ ಆಫ್ ಓಲ್ಡ್ ಲೆಟರ್ಸ್’ ಸಂಕಲನಕ್ಕೂ ಈ ಗತಿ ತಪ್ಪಲಿಲ್ಲ. ಅದರಲ್ಲಿರುವ, ಮೋತಿಲಾಲರು 1928ರ ಜುಲೈಯಲ್ಲಿ ಗಾಂಧೀಜಿಯವರಿಗೆ ಬರೆದ ಕಾಗದವನ್ನು ಮಗನಿಗಾಗಿ ತಂದೆ ಹಚ್ಚಿದ ವಶೀಲಿಯೆಂದು ಓದುವವರುಂಟು. ಈ ಓದು ಅರ್ಧಮಾತ್ರ ಸರಿ.

ಪ್ರಶ್ನೆ ಕಾಂಗ್ರೆಸ್ಸಿನ ಅಧ್ಯಕ್ಷಪದವಿಯದು. ಮೋತಿಲಾಲರು ಮೊದಲು ಹೆಸರಿಸುವುದು ಮಗನನ್ನಲ್ಲ, ತಮ್ಮ ಸಹಕಾರಿ ವಲ್ಲಭಭಾಯಿ ಪಟೇಲರನ್ನು. ಬಾರ್ಡೋಲಿಯ ಕರನಿರಾಕರಣೆ ಆಗಿನ್ನೂ ನಡೆದಿತ್ತು. ಅಂದಿನ ವೀರರು ಪಟೇಲರೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿ, ಅವರಾಗದಿದ್ದರೆ ಜವಾಹರ ಎನ್ನುತ್ತಾರೆ. ಗೆಳೆಯನ ಹೆಸರು ಇಲ್ಲಿ ಮಗನ ಹೆಸರಿಗೆ ಮರೆಯೆ? ಬರಿಯ ಮರೆಯಾಗಿದ್ದರೆ ಪಟೇಲರ ಅರ್ಹತೆಯನ್ನು ಅಷ್ಟು ಗಟ್ಟಿಯಾಗಿ ಸಾರಬೇಕಾಗಿರಲಿಲ್ಲ. ಹಾಗೆಂದು ತಂದೆಗೆ ಆಸೆಯೇ ಇರಲಿಲ್ಲವೆನ್ನುವಂತೆಯೂ ಇಲ್ಲ. ಕಸುವುಳ್ಳ ಕಿರಿಯರಿಗೆ ದಾರಿ ಬಿಡಬೇಕೆಂಬ ವಾದವೂ ಅಲ್ಲಿಯೇ ಇದೆ. ನ್ಯಾಯ, ವಾತ್ಸಲ್ಯಗಳೆರಡೂ ಒಂದೇ ಹಾಳೆಯ ಮೇಲೆ ಬೆರಕೆಯಾಗಿವೆ. ಆ ಬೆರಕೆಯನ್ನು ಅಡಗಿಸದಿರುವುದೇ ಈ ಕಾಗದದ ಗುಣ.

ದೋಷವಿರುವುದು ಬೇರೆಡೆ. ಅಧ್ಯಕ್ಷರನ್ನು ಸೂಚಿಸುವ ಹಕ್ಕು ಪ್ರಾಂತ ಸಮಿತಿಗಳದು. ಕಾಗದ ಹೋದದ್ದು ಆಗ ಅಧ್ಯಕ್ಷರಲ್ಲದ ಗಾಂಧೀಜಿಯವರಿಗೆ. ಹುನ್ನೂರ, ಜಮಖಂಡಿಗಳ ಕಡೆಯ ಓದುಗರಿಗೆ ಈ ರೀತಿ ಹೊಸದೆನಿಸದು. 1948ರವರೆಗೆ ಜಮಖಂಡಿ ಸಂಸ್ಥಾನವಾಗಿತ್ತು. ಪದವಿ ಬೇಡುವವನು ಅರಮನೆಯತ್ತ ನೋಡಬೇಕಾಗಿತ್ತು. (ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು ಸಂಸ್ಥಾನದ ಮಂತ್ರಿಪದವಿಯನ್ನೂ ಕಂಡವರು; ಈ ಸಂಕಲನ ಹೊರಬಂದ 1958ರಲ್ಲಿಯೇ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.) ಅರಮನೆಯಿಲ್ಲದ ಸಂಸ್ಥೆಯಲ್ಲಿಯೂ ಅರ್ಜಿಯ ಮುಖ ಒಬ್ಬರತ್ತಲೇ ತಿರುಗಿತ್ತೆಂಬುದನ್ನು ನಾವು ಗಮನಿಸಬೇಕು.

1928ರಲ್ಲಿ ಶಿಫಾರಸು ಫಲಿಸಲಿಲ್ಲ. ಕಲಕತ್ತೆಯ ಅಧಿವೇಶನಕ್ಕೆ ಮೋತಿಲಾಲರೇ ಅಧ್ಯಕ್ಷರಾದರು. ಮರುವರ್ಷ ಹೆಚ್ಚು ಪ್ರಾಂತಗಳು ಗಾಂಧೀಜಿಯವರನ್ನೂ, ಅವರ ತರುವಾಯ ಪಟೇಲರನ್ನೂ ಸೂಚಿಸಿದ್ದುವು. ಜವಾಹರಲಾಲರದು ಮೂರನೆಯ ಸ್ಥಾನ. ಗಾಂಧೀಜಿಯವರು ತಾವು ಒಲ್ಲದೆ ಜವಾಹರಲಾಲರತ್ತ ಒಲಿದರು. ಲಾಹೋರಿನಲ್ಲಿ ತಂದೆ ಮಗನಿಗೆ ಪದವಿಯನ್ನು ಒಪ್ಪಿಸಿದರು. ಪಟೇಲರ ಸರದಿ ಬಂದುದು 1931ರಲ್ಲಿ, ಕರಾಚಿಯಲ್ಲಿ.

ಸಂಪಾದಕರ ನಡೆಯನ್ನೂ ಇಲ್ಲಿ ಹೇಳಬೇಕು. ಪಟೇಲರು 1950ರಲ್ಲಿ ತೀರಿಕೊಂಡಿದ್ದರು, ಸಂಪಾದಕರು ಪ್ರಧಾನಮಂತ್ರಿಗಳು. ತಮ್ಮನ್ನು ಎರಡನೆಯವರೆಂದು ಎಣಿಸಿದ ತಂದೆಯ ಕಾಗದವನ್ನು ಅವರು ಕೈಬಿಡಬಹುದಾಗಿತ್ತು. ಬಿಡಲಿಲ್ಲ.