ಕ್ಷೇಮಪಾಲನೆಯನ್ನು ಅಳೆಯುವ ಭಾಷೆ: ಕಾಸರಗೋಡಿನಿಂದ ಒಂದು ಓದು



ಕನ್ನಡ ಎಂ.ಎ. ಓದುವವಳಿಗೆ ನ್ಯಾಕ್ ದಾಖಲೆಯಲ್ಲಿ ಏನು ಕೆಲಸ ಅಂತ ನಿಮಗೆ ಅನ್ನಿಸಬಹುದು. ನಾನು ಅದನ್ನೊಂದು ಪಠ್ಯವಾಗಿ ಓದುತ್ತಿದ್ದೇನೆ. ಒಂದು ಪಠ್ಯ ಯಾರನ್ನು ತನ್ನ ಓದುಗರೆಂದು ತಿಳಿದಿದೆ, ಯಾರನ್ನು ಹೊರಗಿಟ್ಟಿದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಅಲ್ವಾ?

ಮೊದಲು ಪದದ ವಿಚಾರ. ಕರ್ನಾಟಕದ ಕಾಲೇಜುಗಳಲ್ಲಿ 'ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ' ಎಂಬ ಹೆಸರು ರೂಢಿಯಲ್ಲಿದೆ. ತಲಪಾಡಿ ದಾಟಿ ಈಚೆ ಬಂದರೆ ಕಣ್ಣೂರು ವಿಶ್ವವಿದ್ಯಾನಿಲಯದಲ್ಲಿ ಇರುವುದು 'ಸ್ಟೂಡೆಂಟ್ಸ್ ಸರ್ವಿಸಸ್'. ಪಾಲನೆ ಅಂದಾಗ ಹಿರಿಯರ ಕಾಳಜಿ ನೆನಪಾಗುತ್ತದೆ, ಸರ್ವಿಸ್ ಅಂದಾಗ ಕೌಂಟರ್. ಹೆಸರು ಯಾವುದಾದರೂ ಕಾಲೇಜಿನ ಮಟ್ಟದಲ್ಲಿ ಆ ಕೆಲಸ ಬೀಳುವುದು ಅಧ್ಯಾಪಕರ ತಲೆಗೇ. ಪಾಠ, ಉತ್ತರಪತ್ರಿಕೆ ಎಲ್ಲ ಮುಗಿಸಿ ಎನ್ನೆಸ್ಸೆಸ್, ಸ್ಕಾಲರ್‌ಶಿಪ್, ದೂರು ಸಮಿತಿ ನೋಡಬೇಕು. ಎಕೆಜಿಸಿಟಿಯಂಥ ಅಧ್ಯಾಪಕ ಸಂಘಟನೆಗಳು ನಮ್ಮಲ್ಲಿ ಗಟ್ಟಿಯಾಗಿವೆ. ಆದರೆ ವಿದ್ಯಾರ್ಥಿ ನೆರವನ್ನೇ ಒಂದು ವಿದ್ಯೆಯಾಗಿ ಕಲಿಸುವುದು ಅವುಗಳ ಮುಖ್ಯ ಕೆಲಸವಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ವೃತ್ತಿಸಂಘಗಳಿವೆ. ನಾಸ್ಪಾ 1919ರಷ್ಟು ಹಳತು, ಎಸಿಪಿಎ 1924ರದ್ದು. ಇವೆರಡೂ ಸೇರಿ 2015ರಲ್ಲಿ ಪರಿಷ್ಕರಿಸಿದ ವೃತ್ತಿ ಸಾಮರ್ಥ್ಯಗಳ ಪಟ್ಟಿಯಲ್ಲಿ 10 ಕ್ಷೇತ್ರಗಳಿವೆ. ಮೌಲ್ಯಮಾಪನ ಅವುಗಳಲ್ಲಿ ಒಂದು. ಸಾಮಾಜಿಕ ನ್ಯಾಯ ಇನ್ನೊಂದು. ಅಳೆಯುವುದೂ ಕಲಿಯಬೇಕಾದ ವಿದ್ಯೆ ಎಂಬ ಈ ಒಪ್ಪಿಗೆ ನನಗೆ ಇಷ್ಟ. ಆದರೆ ಅಲ್ಲಿ ಸಂಬಳ ಕೊಟ್ಟು ನೇಮಿಸಿದ ಸಿಬ್ಬಂದಿಯೇ ಇದ್ದಾರೆ. ಹುದ್ದೆ ತರದೆ ಪಟ್ಟಿ ಮಾತ್ರ ತಂದರೆ ನಮ್ಮ ಮೇಷ್ಟ್ರುಗಳಿಗೆ ತುಂಬಿಸಲು ಇನ್ನೊಂದು ರಿಜಿಸ್ಟರ್ ಸಿಗುತ್ತದೆ, ಅಷ್ಟೇ.

ಈಗ ನ್ಯಾಕ್. 1994ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲೇ ಕಚೇರಿಯಿರುವ ಸಂಸ್ಥೆ. 2017ರ ಪರಿಷ್ಕೃತ ಚೌಕಟ್ಟಿನ 7 ಮಾನದಂಡಗಳಲ್ಲಿ 5ನೆಯದು ವಿದ್ಯಾರ್ಥಿ ನೆರವು ಮತ್ತು ಪ್ರಗತಿ. ಸ್ಕಾಲರ್‌ಶಿಪ್ ಎಷ್ಟು ಮಂದಿಗೆ, ಮಾರ್ಗದರ್ಶನ ಎಷ್ಟು ಮಂದಿಗೆ, ಕೆಲಸ ಸಿಕ್ಕಿದ್ದು ಎಷ್ಟು ಮಂದಿಗೆ — 'ಎಷ್ಟು' ಎಂಬ ಪ್ರಶ್ನೆಯದೇ ದರ್ಬಾರು. ಯಾವ ಭಾಷೆಯಲ್ಲಿ ನೆರವು ಸಿಕ್ಕಿತು ಎಂಬುದಕ್ಕೆ ಕಾಲಮ್ಮಿಲ್ಲ.

ಕಾಸರಗೋಡಿನಲ್ಲಿ ಇದು ಸಣ್ಣ ವಿಷಯವಲ್ಲ. ಮಂಜೇಶ್ವರದ ಕಡೆಯ ಒಬ್ಬಳು ಹುಡುಗಿಯನ್ನು ಊಹಿಸಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾಧ್ಯಮ. ಡಿಗ್ರಿಗೆ ಬಂದಾಗ ನೋಟೀಸು ಮಲಯಾಳದಲ್ಲಿ, ಫಾರ್ಮು ಇಂಗ್ಲಿಷಿನಲ್ಲಿ. ಆಪ್ತಸಲಹೆಗೆ ಹೋದರೆ ತನ್ನ ಸಂಕಟವನ್ನು ಅವಳೇ ತರ್ಜುಮೆ ಮಾಡಿಕೊಂಡು ಹೇಳಬೇಕು. ಹೇಳುವಷ್ಟರಲ್ಲಿ ಅರ್ಧ ಸಂಕಟ ಬಾಯಲ್ಲೇ ಉಳಿಯುತ್ತದೆ. ಲೆಕ್ಕದಲ್ಲಿ ಮಾತ್ರ ಅವಳು 'ನೆರವು ಪಡೆದ 1 ವಿದ್ಯಾರ್ಥಿ'. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅರ್ಜಿಗೆ ಇರುವ ಈ ಹಕ್ಕು ಅಳಲಿಗೂ ಬೇಡವೇ?

'ಮೌಲ್ಯಮಾಪನ' ಅನ್ನುವ ಪದವನ್ನು ನಾವು ಉತ್ತರಪತ್ರಿಕೆಗೂ ಬಳಸುತ್ತೇವೆ, ಕಾಲೇಜಿಗೂ ಬಳಸುತ್ತೇವೆ. ಮಾಪನ ಅಂದರೆ ಅಳತೆ. ಮೌಲ್ಯ ಯಾವುದೆಂದು ಮೊದಲು ತೀರ್ಮಾನವಾಗದೆ ಅಳೆಯುವುದೇನನ್ನು? ನಮ್ಮ ವಿಮರ್ಶೆಯ ತರಗತಿಯಲ್ಲಿ ಕವಿತೆಯ ಸಾಲು ಎಣಿಸಿ ಕವಿತೆ ಒಳ್ಳೇದು ಅಂದರೆ ಯಾರೂ ಒಪ್ಪುವುದಿಲ್ಲ.

ಹಾಗಂತ ಅಳತೆಯೇ ಬೇಡ ಅನ್ನುವುದಿಲ್ಲ. ಲೆಕ್ಕ ಕೇಳದಿದ್ದರೆ ದೂರು ಸಮಿತಿ ಕಾಗದದ ಮೇಲೂ ಇರಲಿಕ್ಕಿಲ್ಲ. ನನ್ನ ತಕರಾರು ಅಳೆಯುವವರ ಬಗ್ಗೆ. ಗಡಿಯ ಎರಡೂ ಬದಿ ಈ ಕೆಲಸ ಮಾಡುವ ಅಧ್ಯಾಪಕರು ಒಂದು ಸಣ್ಣ ಕೂಟ ಕಟ್ಟಿಕೊಂಡರೆ ಪ್ರಶ್ನೆಗಳನ್ನು ಅವರೇ ಕನ್ನಡದಲ್ಲಿ ಬರೆಯಬಹುದು. ಅದಕ್ಕೆ ನ್ಯಾಕ್ ಅಪ್ಪಣೆ ಬೇಕಿಲ್ಲ.

ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ನಮೂನೆಯಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಯ ಉತ್ತರ. 21ನೆಯದು ಮಾತ್ರ ಮುಕ್ತ. ಅಲ್ಲಿ ಸಲಹೆ ಬರೆಯಬಹುದು. ಆ ಜಾಗದಲ್ಲಿ ನಮ್ಮ ಹುಡುಗಿ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಅದನ್ನು ಓದುವವರು ಯಾರು? ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ ಅಂತ ಕೇಳಿಕೊಳ್ಳುತ್ತೇನೆ.